ಗ್ರೀಕನ ಪಟ್ಟಿಯ ಊರು, ಹಾಲಮ್ಮನ ಹಗೇವು

೧೯೪೩ರ ಬೇಸಿಗೆಯಲ್ಲಿ ನಾನು ಸಂಸ್ಥಾನದ ಸರ್ಕಾರದ ಉತ್ಖನನದ ಕೆಲಸದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಗೆಯುವವರು ಬೇರೆ, ಅಗೆದಾಗ ಕಂಡದ್ದನ್ನು ಅಳೆದು ಕಾಗದದ ಮೇಲೆ ಬರೆಯುವವನು ನಾನು. ಕೆಲಸ ಸಣ್ಣದೆಂದು ಕೆಲವರಿಗೆ ಅನಿಸಬಹುದು. ಆದರೆ ಒಮ್ಮೆ ಅಗೆದ ಮಣ್ಣನ್ನು ಮತ್ತೆ ಅಗೆಯಲಾಗದು. ಚಿತ್ರ ಬರೆದುಕೊಳ್ಳದೆ ಕಿತ್ತ ಗೋಡೆ ನಮ್ಮ ಕಸುಬಿನಲ್ಲಿ ಎಂದೂ ಇರಲೇ ಇಲ್ಲದ ಗೋಡೆ. ನಮ್ಮ ಸೂಪರಿಂಟೆಂಡೆಂಟರು ಇದನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು ಕಂಠಪಾಠವಾಗಿತ್ತು.

ಅವರಿಗೆ ಒಂದು ಹುಚ್ಚಿತ್ತು. ಸುಮಾರು ಹದಿನೆಂಟು ನೂರು ವರ್ಷಗಳ ಹಿಂದೆ ಒಬ್ಬ ಗ್ರೀಕ್ ಭೂಗೋಳಕಾರ ನಮ್ಮ ದೇಶದ ಊರುಗಳನ್ನು ಹಡಗಿನವರಿಂದ, ವ್ಯಾಪಾರಿಗಳಿಂದ ಕೇಳಿ ಪಟ್ಟಿ ಮಾಡಿದ್ದಾನೆ. ಪ್ರತಿ ಊರಿಗೂ ಅಕ್ಷಾಂಶ, ರೇಖಾಂಶ ಕೊಟ್ಟಿದ್ದಾನೆ. ಪುಣ್ಯಾತ್ಮ ಈ ಕಡೆ ಕಾಲಿಟ್ಟವನೇ ಅಲ್ಲ. ಅವನ ಲೆಕ್ಕವನ್ನು ಹಾಗೇ ನಂಬಿದರೆ ನಮ್ಮ ಎಷ್ಟೋ ಊರುಗಳು ಸಮುದ್ರದ ಪಾಲಾಗುತ್ತವೆ. ಆ ಪಟ್ಟಿಯಲ್ಲಿ ಎರಡು ರಾಜ್ಯಗಳ ಗಡಿಯಲ್ಲಿದ್ದ ಒಂದು ಊರಿದೆ. ಅದು ತುಂಗಭದ್ರೆಯ ದಂಡೆಯಲ್ಲಿ, ಹೊನ್ನಾಳಿ ಸೀಮೆಯಲ್ಲೇ ಇತ್ತೆಂದು ಸೂಪರಿಂಟೆಂಡೆಂಟರ ನಂಬಿಕೆ. ಅದಕ್ಕಾಗಿ ನಾವು ಜಗಳೂರಿನ ಬಯಲಿನಿಂದ ಹಿಡಿದು ಚನ್ನಗಿರಿ, ನಲ್ಲೂರು, ಸವಳಂಗದವರೆಗೆ ಕಂಡ ಕಂಡ ಹಾಳುದಿಬ್ಬವನ್ನೆಲ್ಲ ಹತ್ತಿ ಇಳಿದಿದ್ದೆವು. ಕೊನೆಗೆ ಹೊನ್ನಾಳಿಗೂ ನ್ಯಾಮತಿಗೂ ಎತ್ತಿನ ಗಾಡಿಯಲ್ಲಿ ಹೋಗಿಬರುವಷ್ಟು ದೂರದ ಒಂದು ಹಳ್ಳಿಯ ದಿಬ್ಬದ ಮೇಲೆ ಅವರ ಕಣ್ಣು ನಿಂತಿತು. ಆ ಹಳ್ಳಿಯ ಹೆಸರು ನಾನು ಹೇಳುವುದಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಯುದ್ಧದ ಕಾಲ. ಸರ್ಕಾರದಲ್ಲಿ ಹಳೆಯ ಮಡಕೆ ಚೂರುಗಳಿಗೆ ಕೊಡುವ ಹಣ ಎಲ್ಲಿತ್ತು? ಮುಂಗಾರು ಹಿಡಿಯುವ ಮುಂಚೆ ಏನಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ಕೆಲಸ ಬಂದ್ ಎಂದು ಮೇಲಿನಿಂದ ಹೇಳಿಬಿಟ್ಟಿದ್ದರು. ಮತ್ತೆ ಅಗೆಯುವ ಮಾತು ಯುದ್ಧ ಮುಗಿದ ಮೇಲೆ, ಅದೂ ಆದರೆ. ಸೂಪರಿಂಟೆಂಡೆಂಟರು ನಿವೃತ್ತಿಯ ಅಂಚಿನಲ್ಲಿದ್ದರು. ಕಡತಗಳ ಕೆಲಸಕ್ಕೆ ಅವರು ರಾಜಧಾನಿಗೆ ಹೋಗಬೇಕಾಗಿ ಬಂದು, ದಿಬ್ಬವನ್ನು ನನಗೂ ಮೇಸ್ತ್ರಿ ಇಮಾಮ್ ಸಾಬರಿಗೂ ವಹಿಸಿ ಹೊರಟರು. ಹೊರಡುವಾಗ ಅವರು ನನ್ನ ಭುಜ ಹಿಡಿದು, "ನನ್ನ ಆಯಸ್ಸೆಲ್ಲ ಈ ದಿಬ್ಬದಲ್ಲಿದೆ" ಎಂದರು. ಆ ಮಾತು ನನಗೆ ಹೊರೆಯಾಯಿತು, ಸಿಟ್ಟೂ ಬಂತು. ಸಿಕ್ಕದಿದ್ದರೆ ಅದು ನನ್ನ ತಪ್ಪೇನು ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ.

ಇಮಾಮ್ ಸಾಬರು ಚನ್ನಗಿರಿಯವರು, ಗಾರೆ ಕೆಲಸದ ಮನೆತನ. ಐವತ್ತು ದಾಟಿದ್ದರೂ ಗುದ್ದಲಿ ಹಿಡಿದರೆ ಹುಡುಗರು ನಾಚಬೇಕು. ನಾವು ಹೊಳೆಯ ಕಡೆಯ ಇಳಿಜಾರಿನಿಂದ ದಿಬ್ಬದ ಹೊಟ್ಟೆಗೆ ನೇರವಾಗಿ ಒಂದು ಓಣಿಯ ಹಾಗೆ ಟ್ರೆಂಚ್ ತೆಗೆದಿದ್ದೆವು. ಅದರ ಒಂದು ತುದಿ ಹೊಳೆಯ ಕಡೆ ಬಯಲಿಗೆ ತೆರೆದಿತ್ತು, ಇನ್ನೊಂದು ತುದಿ ಕೊಂಚ ಕೊಂಚವೇ ಏರುತ್ತ ದಿಬ್ಬದೊಳಗೆ ಹೋಗುತ್ತಿತ್ತು. ವಾರಗಟ್ಟಲೆ ಸಿಕ್ಕಿದ್ದು ಬೂದಿ, ಮೂಳೆ, ಮಡಕೆ ಚೂರು. ಮೇ ತಿಂಗಳ ಕೊನೆಯಲ್ಲಿ, ಎರಡು ಜೋರು ಮಳೆ ಬಂದು ಹೋದ ಮೇಲೆ, ಟ್ರೆಂಚಿನ ಬಲಗಡೆ ಸುಟ್ಟ ಇಟ್ಟಿಗೆಯ ಒಂದು ಗೋಡೆ ಕಂಡಿತು. ಮೊಳದುದ್ದದ ಇಟ್ಟಿಗೆಗಳು. ಅಂಥ ಇಟ್ಟಿಗೆಯನ್ನು ನಮ್ಮ ಕಡೆ ಸಾವಿರದೈನೂರು ವರ್ಷಗಳಿಂದ ಯಾರೂ ಸುಟ್ಟಿಲ್ಲ. ಇಮಾಮ್ ಸಾಬರು ಕುಂಚ ಹಿಡಿದು ಅದರ ಮುಖವನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿದರು. ಅದು ಕೋಟೆಗೋಡೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ಸೂಪರಿಂಟೆಂಡೆಂಟರಿಗೆ ತಂತಿ ಕಳಿಸಿದೆ. ಅವರು ಬರಲು ಇನ್ನೂ ಕೆಲವು ದಿನ ಬೇಕಿತ್ತು.

ಊರಿನವರು ಮಾತ್ರ ಸಂತೋಷಪಡಲಿಲ್ಲ. ಮೊದಲಿನಿಂದಲೂ ಅವರಿಗೆ ನಮ್ಮನ್ನು ಅಲ್ಲಿಂದ ಎಬ್ಬಿಸುವ ಯೋಚನೆಯೇ. ಆ ಕಡೆ ಹಾವಿದೆ ಎಂದರು, ಈ ಕಡೆ ದೆವ್ವ ಇದೆ ಎಂದರು, ಇದಕ್ಕಿಂತ ದೊಡ್ಡ ದಿಬ್ಬ ಬೇರೆ ಕಡೆ ತೋರಿಸುತ್ತೇವೆಂದರು. ನನ್ನ ಕೂಲಿಯವರಲ್ಲಿ ದ್ಯಾಮಪ್ಪ ಎಂಬ ಕುರಿಗಾರನಿದ್ದ. ಬಲವಾದ ಆಳು, ಆದರೆ ಗುದ್ದಲಿ ಎತ್ತಿದವನು ಇಳಿಸುವಷ್ಟರಲ್ಲಿ ನಾನು ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ದಿಬ್ಬದ ಮೇಲೆ, ಗೋಡೆಯ ಹಿಂಭಾಗಕ್ಕೆ ಸರಿಯಾಗಿ, ಅವನದೇ ಕುರಿರೊಪ್ಪ ಇತ್ತು. "ಸ್ವಾಮಿ, ರೊಪ್ಪದ ಕಡೆ ಮಾತ್ರ ಅಗೀಬ್ಯಾಡ್ರಿ, ಕುರಿ ಹೆದರ್ತಾವೆ" ಎಂದು ನಾಲ್ಕಾರು ಸಲ ಹೇಳಿದ್ದ. ನಿನ್ನ ಕುರಿಗಳಿಗೆ ಇತಿಹಾಸ ಕಂಡರೆ ಭಯವೇನಯ್ಯಾ ಎಂದು ನಾನು ತಮಾಷೆ ಮಾಡಿದ್ದೆ. ಅವನು ನಗಲಿಲ್ಲ.

ಆ ದಿನ ಬೆಳಿಗ್ಗೆ ಗೋಡೆಯ ಮುಖ ಪೂರ್ತಿ ಶುಚಿಯಾಗಿತ್ತು. ಅದರ ದಪ್ಪ ತಿಳಿಯಲು ಹಿಂಭಾಗವನ್ನೂ ಬಿಡಿಸಬೇಕಿತ್ತು. ಹಾಗಾಗಿ ನಾನು ದಿಬ್ಬದ ಮೇಲೆ ಲೆವೆಲ್ ಯಂತ್ರ ಹೂಡಿ, ನೆಲದ ಎತ್ತರ ತಗ್ಗು ಅಳೆದು, ಕುರಿರೊಪ್ಪದ ಬೇಲಿಯವರೆಗೆ ಗೂಟ ಹೊಡೆದು ದಾರ ಕಟ್ಟಿಸಿದೆ. ನಾಳೆಯಿಂದ ಇಲ್ಲಿ ಅಗೆತ ಎಂದು ಎಲ್ಲರ ಮುಂದೆ ಹೇಳಿದೆ. ಗೋಡೆಯ ಚಿತ್ರ ಬರೆಯಲು ಮಧ್ಯಾಹ್ನದ ಇಳಿಬಿಸಿಲು ಬೇಕು, ಆಗ ಇಟ್ಟಿಗೆಯ ಸಂದುಗಳು ಚೆನ್ನಾಗಿ ಕಾಣುತ್ತವೆ. ಊಟ ಮುಗಿಸಿ ಬರೆಯೋಣವೆಂದು ಹೊಳೆಯ ಕಡೆ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿದೆವು.

ದ್ಯಾಮಪ್ಪನ ಹೆಂಡತಿ ಹಾಲಮ್ಮ ದಿಬ್ಬ ಇಳಿದು ಓಡಿ ಬಂದಳು. ಸೆರಗು ಎಲ್ಲೋ, ತಲೆಗೂದಲು ಎಲ್ಲೋ. ನಮ್ಮ ಎದುರಿಗೆ ಬಂದವಳು ಥಟ್ಟನೆ ನಿಂತಳು. ಬಾಯಿ ತೆರೆದು ಮುಚ್ಚಿದಳು. ಆ ಒಂದು ಕ್ಷಣ ಅವಳು ಯಾಕೆ ತಡೆದಳೆಂದು ನನಗೆ ಆಗ ಅರ್ಥವಾಗಲಿಲ್ಲ.

"ಹಗೇವ್ನಾಗೆ ಇಳಿದೋನು ಮ್ಯಾಲೆ ಬರ್ಲಿಲ್ರೀ. ಕರದ್ರೆ ಓ ಅನ್ನವಲ್ಲ" ಎಂದಳು.

ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಮಡಕೆಯ ಹಾಗೆ ಹೊಟ್ಟೆ ಅಗಲ. ಮುಚ್ಚಿದ ಕಾಳು ಒಳಗಿನ ಗಾಳಿಯನ್ನು ಕೆಡಿಸುತ್ತದೆ, ಮಳೆಯ ತೇವ ತಾಗಿದರಂತೂ ವಿಷವೇ. ಆದ್ದರಿಂದ ಹಗೇವು ತೆಗೆದರೆ ಒಂದು ಹೊತ್ತಾದರೂ ಬಾಯಿ ಬಿಚ್ಚಿಡುತ್ತಾರೆ. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಾನೆ. ಆ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕ್ರಮ ಇದು. ದ್ಯಾಮಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಾಯಿ ಬಿಚ್ಚಿಟ್ಟರೆ ನಾವು ನೋಡುತ್ತೇವಲ್ಲ. ರಾತ್ರಿ ತೆಗೆಯೋಣವೆಂದರೆ ನಮ್ಮ ಬಿಡಾರವೂ ದಿಬ್ಬದ ಬುಡದಲ್ಲೇ. ನಾವು ಊಟಕ್ಕೆ ಕೂತ ಹೊತ್ತಿನಲ್ಲೇ ಆದಷ್ಟು ಕಾಳು ತೆಗೆದು ಸಾಗಿಸಿಬಿಡಬೇಕೆಂದು, ಮುಚ್ಚಿದ ಕಲ್ಲು ಸರಿಸಿದವನೇ ಇಳಿದಿದ್ದ.

ನಾನು ದಿಬ್ಬ ಹತ್ತುವಷ್ಟರಲ್ಲಿ ರೊಪ್ಪದಲ್ಲಿ ಊರೇ ನೆರೆದಿತ್ತು. ಕುರಿಗೊಬ್ಬರ ಸರಿಸಿದ ಕಡೆ ಕಪ್ಪು ಬಾಯಿ. ಹುಳಿ ವಾಸನೆ ಮೂಗಿಗೆ ಬಡಿಯಿತು. ಪಟೇಲ ರುದ್ರಗೌಡರು ನನ್ನನ್ನು ಕಂಡು ಹಾಲಮ್ಮನ ಕಡೆ ತಿರುಗಿದರು.

"ಇವ್ರನ್ನ ಯಾಕೆ ಕರ್ಕಂಡು ಬಂದೆ? ಊರಿನ ಅನ್ನ ಕಳದ್ಯಲ್ಲೇ."

"ಉಣ್ಣೋನೇ ಹೋಗಾಕೆ ಹತ್ಯಾನೆ ಗೌಡ್ರೆ. ಅನ್ನ ತಗಂಡು ಏನ್ ಮಾಡ್ಲಿ?" ಎಂದಳು ಹಾಲಮ್ಮ.

ಆಗ ನನಗೆ ಎಲ್ಲ ತಿಳಿಯಿತು. ಆ ವರ್ಷ ಪ್ರತಿ ಊರೂ ಸರ್ಕಾರಕ್ಕೆ ಕಾಳು ಒಪ್ಪಿಸಬೇಕೆಂಬ ಲೆವಿ ಬಂದಿತ್ತು. ಒಪ್ಪಿಸಿ ಉಳಿದದ್ದರಲ್ಲಿ ಮುಂದಿನ ಸುಗ್ಗಿಯವರೆಗೆ ಹೊಟ್ಟೆ ತುಂಬದೆಂದು ಹೆದರಿ, ಇಡೀ ಊರು ತನ್ನ ಜೋಳವನ್ನು ಈ ಹಾಳುದಿಬ್ಬದಲ್ಲಿ ಮುಚ್ಚಿಟ್ಟಿತ್ತು. ಹಾವು, ದೆವ್ವ, ಕುರಿ ಎಲ್ಲ ಅದಕ್ಕೇ. ಸರ್ಕಾರದ ಸಂಬಳ ತಿನ್ನುವ ನಾನು ಅದೇ ಜಾಗಕ್ಕೆ ಬೆಳಿಗ್ಗೆ ಗೂಟ ಹೊಡೆದಿದ್ದೆ.

ಇಮಾಮ್ ಸಾಬರು ಯಾರ ಮಾತಿಗೂ ಕಾಯದೆ ಕಂದೀಲು ಹಚ್ಚಿ ಇಳಿಸಿದರು. ಅರ್ಧಕ್ಕೆ ಹೋಗುವ ಮುಂಚೆ ಅದು ಆರಿತು. ಆರುವ ಮೊದಲು ನನಗೆ ದ್ಯಾಮಪ್ಪ ಕಂಡ. ಕಾಳಿನ ರಾಶಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ, ತಲೆ ಎದೆಗೆ ಬಿದ್ದಿತ್ತು. ಗೊರಕೆಯಂಥ ಉಸಿರು ಕೇಳುತ್ತಿತ್ತು. ಇಮಾಮ್ ಸಾಬರು ಮುಖಕ್ಕೆ ಒದ್ದೆ ಬಟ್ಟೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, "ಕೈ ಎತ್ತಿದ್ರೆ ಎಳೀರಿ" ಎಂದು ಇಳಿದೇಬಿಟ್ಟರು. ಕೈ ಎತ್ತಲೇ ಇಲ್ಲ. ಹಗ್ಗ ಸಡಿಲವಾದದ್ದು ಕಂಡು ನಾವೇ ಎಳೆದೆವು. ಮೇಲೆ ಬಂದಾಗ ಅವರ ತುಟಿ ನೀಲಿಯಾಗಿತ್ತು. ವಾಂತಿ ಮಾಡಿಕೊಂಡು, ನೆಲಕ್ಕೆ ಹಣೆ ಒತ್ತಿ ಬಹಳ ಹೊತ್ತು ಉಸಿರಿಗಾಗಿ ಒದ್ದಾಡಿದರು. ಆಮೇಲೆ ದ್ಯಾಮಪ್ಪನ ತಮ್ಮ ಇಳಿಯುತ್ತೇನೆಂದು ಮುಂದೆ ಬಂದ. ನಾನು ಅವನ ಕೆನ್ನೆಗೆ ಹೊಡೆದೆ. ಒಂದು ಹೆಣದ ಮೇಲೆ ಇನ್ನೊಂದು ಬೇಡ ಎಂದು ಕಿರುಚಿದೆ. ಹೆಣ ಎಂಬ ಮಾತು ಬಾಯಿಂದ ಬಿದ್ದೊಡನೆ ಹೆಂಗಸರು ಗೋಳಾಡತೊಡಗಿದರು.

ಕಂಬಳಿ ನೆನೆಸಿ ಹಗ್ಗಕ್ಕೆ ಕಟ್ಟಿ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಸಿ ಎಳೆದರು, ಒಳಗಿನ ಗಾಳಿ ಕಲಕಲಿ ಎಂದು. ಕೆಲವರು ಮೊರ ಬೀಸಿದರು. ಅದರಿಂದ ಉಸಿರು ನಿಲ್ಲಲಿಲ್ಲ, ಅಷ್ಟೇ. ಒಂದು ಗೊರಕೆಗೂ ಇನ್ನೊಂದಕ್ಕೂ ನಡುವಿನ ಹೊತ್ತು ಬೆಳೆಯುತ್ತ ಹೋಯಿತು. ಪ್ರತಿ ಸಲವೂ ಇದೇ ಕೊನೆಯದು ಎನಿಸುತ್ತಿತ್ತು. ಅವನ ಕುರಿಗಳ ಮಾತಿಗೆ ನಕ್ಕವನು ನಾನೇ ಎಂಬುದು ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಕೆಟ್ಟ ಗಾಳಿ ಭಾರ, ಮೇಲಿನಿಂದ ಹೋಗುವುದಿಲ್ಲ, ಕೆಳಗಿನಿಂದ ಹರಿಯಬೇಕು. ಅಷ್ಟು ಹೊಳೆದದ್ದೇ ತಡ, ಬೆಳಿಗ್ಗೆ ಬರೆದುಕೊಂಡ ಎತ್ತರಗಳು ತಲೆಯಲ್ಲಿ ಓಡಿದವು. ಹಗೇವಿನ ಬಾಯಿಯ ನೆಲದ ಎತ್ತರ ನನಗೆ ಗೊತ್ತಿತ್ತು, ಟ್ರೆಂಚಿನ ತಳವೂ ಗೊತ್ತಿತ್ತು. ಗುಂಡು ಕಟ್ಟಿದ ದಾರ ಇಳಿಸಿ ಕಾಳಿನ ಮಟ್ಟ ನೋಡಿದೆ. ಟ್ರೆಂಚಿನ ತಳ ಅದಕ್ಕಿಂತ ಒಂದು ಮೊಳ ಕೆಳಗಿತ್ತು. ಟ್ರೆಂಚಿಗೂ ಹಗೇವಿಗೂ ನಡುವೆ ಹೆಚ್ಚೆಂದರೆ ಒಂದು ಗಜ ಮಣ್ಣು, ಮತ್ತು ಆ ಗೋಡೆ.

ಟ್ರೆಂಚಿಗೆ ಜಾರಿ ಇಳಿದು ಗೋಡೆಯ ಮುಂದೆ ನಿಂತೆ. ಇಳಿಬಿಸಿಲು ಆಗಷ್ಟೇ ಅದರ ಮೇಲೆ ಬೀಳುತ್ತಿತ್ತು. ಪ್ರತಿ ಇಟ್ಟಿಗೆಯೂ ಕಾಣುತ್ತಿತ್ತು. ನನ್ನ ಚಿತ್ರದ ಹಲಗೆ ಹೊಂಗೆಮರಕ್ಕೆ ಒರಗಿ ಖಾಲಿಯಾಗಿ ನಿಂತಿತ್ತು. ಇಮಾಮ್ ಸಾಬರು ತೂರಾಡುತ್ತ ಬಂದು ನನ್ನ ಪಕ್ಕ ನಿಂತರು, ಕೈಯಲ್ಲಿ ಹಾರೆ.

"ಸಾಹೇಬ್ರೆ, ನೀವಿನ್ನೂ ಇದನ್ನ ಬರ್ಕಂಡಿಲ್ಲ."

"ಗೊತ್ತು. ಹೊಡೀರಿ."

ಮೊದಲ ಏಟು ಅವರೇ ಹಾಕಿದರು. ಕುಂಚ ಹಿಡಿದ ಅದೇ ಕೈ. ಆಮೇಲೆ ಆರು ಜನ ಸರದಿಯಂತೆ ಹಾರೆ, ಗುದ್ದಲಿ ಬೀಸಿದರು. ಹಳೆಯ ಇಟ್ಟಿಗೆ ಸುಲಭಕ್ಕೆ ಬಿಡಲಿಲ್ಲ. ಇಂಥ ಗಟ್ಟಿ ಗೋಡೆ ಕಟ್ಟಿದವರನ್ನು ಆ ಹೊತ್ತಿನಲ್ಲಿ ನಾನು ಮನಸಾರೆ ಶಪಿಸಿದೆ. ಮೇಲಿನಿಂದ ಹಾಲಮ್ಮ ಪ್ರತಿ ಉಸಿರಿಗೂ "ಐತ್ರೀ, ಇನ್ನೂ ಐತೆ" ಎಂದು ಕೂಗಿ ಹೇಳುತ್ತಿದ್ದಳು. ಗೋಡೆ ದಾಟಿ ಮಣ್ಣು ಕೊರೆಯುವಾಗ ಅವಳ ಕೂಗು ನಿಂತಿತು. ಯಾರೂ ತಲೆ ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಗುದ್ದಲಿಯ ಸದ್ದೊಂದೇ. ಬಹಳ ಹೊತ್ತಾದ ಮೇಲೆ ಮೇಲಿನಿಂದ ಒಡೆದ ದನಿಯಲ್ಲಿ "ಐತೆ" ಎಂದು ಬಂತು.

ಹಾರೆ ಒಳಕ್ಕೆ ತೂರಿತು. ತೂತಿನಿಂದ ಮೊದಲು ಜೋಳ ಬಂತು, ಧೋ ಎಂದು ಸುರಿದು ನಮ್ಮ ಮೊಣಕಾಲು ಮುಚ್ಚಿತು. ಹಿಂದೆಯೇ ಆ ಹುಳಿ ಗಾಳಿ. ಟ್ರೆಂಚಿನ ತಳದಲ್ಲಿಟ್ಟಿದ್ದ ಕಂದೀಲು ಮಂಕಾಯಿತು. ಎಲ್ಲರನ್ನೂ ಮೇಲಕ್ಕೆ ಓಡಿಸಿದೆ. ಟ್ರೆಂಚು ಹೊಳೆಯ ಕಡೆ ಇಳಿಜಾರಾಗಿದ್ದುದರಿಂದ ಆ ಗಾಳಿ ನೀರಿನಂತೆ ಕೆಳಗೆ ಹರಿದುಹೋಯಿತು. ಮತ್ತೆ ಕಂದೀಲು ಇಳಿಸಿದಾಗ ಉರಿ ನಿಂತಿತು. ಹಗ್ಗ ಕಟ್ಟಿಕೊಂಡು ನಾನೇ ಆ ತೂತಿನೊಳಗೆ ನುಗ್ಗಿದೆ. ಅಲ್ಲಿದ್ದವರಲ್ಲಿ ನನ್ನಷ್ಟು ಸಣಕಲ ಬೇರೆ ಇರಲಿಲ್ಲ.

ಕಸುಬಿನ ಕಣ್ಣು ಎಂಥ ನಾಚಿಕೆಗೆಟ್ಟದ್ದೋ ನೋಡಿ. ದ್ಯಾಮಪ್ಪನ ಕಾಲು ಹಿಡಿದು ಎಳೆಯುತ್ತಿದ್ದೇನೆ, ಆ ಹೊತ್ತಿನಲ್ಲೂ ಕಣ್ಣು ಹಗೇವಿನ ಗೋಡೆ ನೋಡಿತು. ಹೊರಗಿನದೇ ಮೊಳದುದ್ದದ ಇಟ್ಟಿಗೆ, ಅದೇ ಗಾರೆ. ಹಗೇವು ಈ ಊರವರು ತೋಡಿದ್ದಲ್ಲ. ಗಡಿಯ ಆ ಹಳೆಯ ಊರಿನವರದೇ. ಎರಡು ರಾಜರ ದಂಡು ಹೋಗಿ ಬರುವ ದಾರಿಯಲ್ಲಿ ಕೂತ ಜನ ತಮ್ಮ ಕಾಳನ್ನು ಇಲ್ಲೇ ಅಡಗಿಸಿಟ್ಟಿದ್ದರು. ಆ ಗೋಡೆ ಕಟ್ಟಿದ್ದೂ ಇದನ್ನು ಕಾಯುವುದಕ್ಕೇ ಇರಬೇಕು. ಇವರಿಗೆ ಇದು ತಾತ ಮುತ್ತಾತರ ಕಾಲದಿಂದ ಗೊತ್ತಿದ್ದ ಗುಂಡಿ, ಅಷ್ಟೇ.

ಹೊರಗೆಳೆದು ಹೊಳೆಯ ಗಾಳಿಗೆ ಮಲಗಿಸಿದೆವು. ಹೊಳೆಯಲ್ಲಿ ಮುಳುಗಿದವರಿಗೆ ಮಾಡುವಂತೆ ಇಮಾಮ್ ಸಾಬರು ಬೋರಲು ಹಾಕಿ ಬೆನ್ನು ಒತ್ತಿದರು. ಹಾಲಮ್ಮ ಅಂಗಾಲು ತಿಕ್ಕುತ್ತ ಗಂಡನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಸೂರ್ಯ ಹೊಳೆಯಾಚೆ ಇಳಿಯುವ ಹೊತ್ತಿಗೆ ದ್ಯಾಮಪ್ಪ ಕಣ್ಣು ಬಿಟ್ಟ. ನಮ್ಮನ್ನು ಗುರುತು ಹಿಡಿಯಲಿಲ್ಲ, ಹೆಂಡತಿಯನ್ನೂ ಹಿಡಿಯಲಿಲ್ಲ. ಆದರೂ ಅವಳು ನೆಲಕ್ಕೆ ಕುಸಿದು ಅತ್ತಳು. ನಾನೂ ಅತ್ತೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಅದೇ ಹೊತ್ತಿಗೆ ಹಿಂದೆ ಧಡ್ ಎಂದು ಸದ್ದಾಯಿತು. ಬುಡ ಕೊರೆದ ಗೋಡೆ ಇಡಿಯಾಗಿ ಟ್ರೆಂಚಿಗೆ ಕುಸಿದಿತ್ತು. ಇನ್ನು ಬರೆದುಕೊಳ್ಳಲು ಏನೂ ಉಳಿಯಲಿಲ್ಲ. ಅದರ ಅಡಿಯಲ್ಲಿ, ಸುತ್ತ, ಊರಿನ ಜೋಳ ಬಟ್ಟಬಯಲಲ್ಲಿ ಚೆಲ್ಲಿ ಬಿದ್ದಿತ್ತು. ಲೆವಿಯವರು ನ್ಯಾಮತಿಗೆ ಬಂದಿದ್ದಾರೆಂದು ಬೆಳಿಗ್ಗೆಯೇ ಸುದ್ದಿಯಿತ್ತು. ರುದ್ರಗೌಡರು ನನ್ನೆದುರು ಬಂದು ನಿಂತರು. ಅವರ ಮುಖದಲ್ಲಿ ಜೀವವಿರಲಿಲ್ಲ.

"ಈಗೇನ್ ಮಾಡ್ತೀರಿ ಸ್ವಾಮಿ?"

"ಗೋಡೆ ಬಿತ್ತು, ನನ್ನ ಕೆಲಸ ಮುಗೀತು. ನಾಳೆ ಬೆಳಿಗ್ಗೆ ಟ್ರೆಂಚ್ ಮುಚ್ಚಿಸ್ತೀನಿ. ಅಷ್ಟರೊಳಗೆ ಅಲ್ಲಿ ಏನಿರುತ್ತೋ ಏನಿರಲ್ವೋ, ನಾನು ನೋಡಾಕೆ ಬರಲ್ಲ" ಎಂದೆ. ಆ ಸೀಮೆಯ ಆಡುಮಾತು ನನ್ನ ಬಾಯಿಗೂ ಬಂದುಬಿಟ್ಟಿತ್ತು.

ಮರುದಿನ ಟ್ರೆಂಚಿನಲ್ಲಿ ಇಟ್ಟಿಗೆ ಚೂರು ಬಿಟ್ಟರೆ ಒಂದು ಕಾಳೂ ಇರಲಿಲ್ಲ. ಗುಬ್ಬಿಗಳೂ ನಿರಾಶೆಯಿಂದ ಹಾರಿಹೋದವು. ಊರಿನವರೇ ಬಂದು ಮಣ್ಣು ಮುಚ್ಚಿದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಸೂಪರಿಂಟೆಂಡೆಂಟರು ಬಂದಾಗ ಮುಂಗಾರು ಹಿಡಿದಿತ್ತು. ಕೊಡೆ ಹಿಡಿದು ಮುಚ್ಚಿದ ಮಣ್ಣಿನ ಮೇಲೆ ನಿಂತರು. ಗೋಡೆ ಎಲ್ಲಿ ಎಂದರು. ಒಡೆದೆ ಎಂದೆ. ಚಿತ್ರ ಎಂದರು. ಇಲ್ಲ ಎಂದೆ. ಒಬ್ಬ ಮನುಷ್ಯ ಗುಂಡಿಯಲ್ಲಿ ಸಿಕ್ಕಿಕೊಂಡಿದ್ದ, ಬೇರೆ ದಾರಿಯಿರಲಿಲ್ಲ ಎಂದಷ್ಟೇ ಹೇಳಿದೆ. ಗುಂಡಿಯಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಅವನು ಬದುಕಿದ್ದಾನಾ?" ಎಂದು ಕೇಳಿದರು. ಹೂಂ ಎಂದೆ. ಮುಖ ಆಚೆ ತಿರುಗಿಸಿಕೊಂಡು ಗಾಡಿಯ ಕಡೆ ನಡೆದರು. ಆ ವರ್ಷದ ವರದಿಯಲ್ಲಿ ಈ ದಿಬ್ಬದಲ್ಲಿ ಗಮನಾರ್ಹವಾದದ್ದೇನೂ ದೊರೆಯಲಿಲ್ಲವೆಂದು ಅವರೇ ಬರೆದರು. ಗ್ರೀಕನ ಪಟ್ಟಿಯ ಆ ಊರನ್ನು ಈಗಿನ ಪಂಡಿತರು ಬಹಳ ದೂರ ಉತ್ತರಕ್ಕೆ ಕೂರಿಸಿದ್ದಾರೆ. ಕೂತಿರಲಿ. ದ್ಯಾಮಪ್ಪನಿಗೆ ಹೆಂಡತಿಯ ಹೆಸರು ನೆನಪಾಗಲು ಆ ಮಳೆಗಾಲವೆಲ್ಲ ಬೇಕಾಯಿತಂತೆ. ಮಾತು ಕೊನೆಯವರೆಗೂ ತೊದಲುತ್ತಿತ್ತಂತೆ. ಆದರೆ ಆ ಊರಿನಲ್ಲಿ ಆ ವರ್ಷ ಯಾರೂ ಉಪವಾಸ ಬೀಳಲಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ಅಗೆತ ಶುರುವಾಯಿತು. ನಿವೃತ್ತನಾಗುವವರೆಗೆ ಇನ್ನೂ ಎಷ್ಟೋ ದಿಬ್ಬಗಳಲ್ಲಿ ಕೆಲಸ ಮಾಡಿದೆ. ಎಲ್ಲಿಗೆ ಹೋದರೂ ಗೂಟ ಹೊಡೆಯುವ ಮುಂಚೆ ಊರಿನವರ ಜೊತೆ ಕಟ್ಟೆಯ ಮೇಲೆ ಕೂತು, ಈ ದಿಬ್ಬದಲ್ಲಿ ನಿಮ್ಮದೇನಾದರೂ ಇದೆಯೇ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಇದೆ ಎಂದು ಯಾರೂ ಎಂದೂ ಹೇಳಲಿಲ್ಲ. ಹೇಳುತ್ತಾರೆಂದು ನಾನು ಕೇಳುತ್ತಲೂ ಇರಲಿಲ್ಲ. ಕೇಳಿ, ಎಲೆ ಅಡಿಕೆ ಹಾಕಿಕೊಂಡು, ಮುಂದಿನ ವಾರ ಬರುತ್ತೇವೆಂದು ಹೇಳಿ ಎದ್ದುಬಿಡುತ್ತಿದ್ದೆ.